ನಿಲ್ಲದವಳ ಚಿತ್ರ

ಸತ್ತವರನ್ನು ಬರೆಯುವುದು ಕುಸುಮಳಿಗೆ ಯಾವತ್ತೂ ಕಷ್ಟವೆನಿಸಿರಲಿಲ್ಲ. ಅವರು ಕೂತಲ್ಲಿಂದ ಏಳುವುದಿಲ್ಲ, ಮೂಗು ತುರಿಸಿಕೊಳ್ಳುವುದಿಲ್ಲ, ಬರೆದು ಮುಗಿಸಿದ ಮೇಲೆ ನನ್ನ ಕಿವಿ ಇಷ್ಟು ದೊಡ್ಡದಾ ಎಂದು ತಕರಾರು ತೆಗೆಯುವುದಿಲ್ಲ. ಮನೆಯವರು ಆಧಾರ್ ಕಾರ್ಡಿನ ಮಸುಕು ಮುಖವನ್ನೋ, ಯಾರದೋ ಮದುವೆಯ ಗುಂಪಿನಲ್ಲಿ ಮತ್ತೊಬ್ಬರ ಹೆಗಲ ಹಿಂದಿನಿಂದ ಇಣುಕಿದ ಅರ್ಧ ಮೋರೆಯನ್ನೋ ತಂದುಕೊಟ್ಟು ಹೋದರೆ ಸಾಕು, ಅವಳು ಕಾಗದದ ಮೇಲೆ ತೆಳುವಾಗಿ ಚೌಕಗಳನ್ನು ಎಳೆದು, ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ತುಟಿ ಎಂದು ಇಳಿಯುತ್ತ, ಮುಚ್ಚಿದ ರೆಪ್ಪೆಯನ್ನು ತೆರೆದು, ಕೂಳೆಗಡ್ಡವನ್ನು ತೆಗೆದು, ಹರಿದ ಬನಿಯನ್ನಿನ ಮೇಲೊಂದು ಇಸ್ತ್ರಿಯ ಅಂಗಿ ತೊಡಿಸಿ, ಉತ್ತರಕ್ರಿಯೆಯ ದಿನಕ್ಕೆ ಸರಿಯಾಗಿ ಮನುಷ್ಯನನ್ನು ಎದ್ದು ಕೂರಿಸುತ್ತಿದ್ದಳು. ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ಗಂಡ ಯೋಗೀಶನದು ಫ್ರೇಮ್ ಹಾಕುವ ಅಂಗಡಿ. ಒಳಗಿನ ಕೋಣೆಯಲ್ಲಿ ಅವಳ ಮೇಜು. "ಅಪ್ಪಯ್ಯ ಈಗ್ಳೇ ಮಾತಾಡ್ತ್ರ್ ಅಂಬಾಂಗ್ ಇತ್ತಲೆ" ಎಂದು ಹೆಣ್ಣುಮಕ್ಕಳು ಅಂಗಡಿಯ ಬಾಗಿಲಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಾಗ ಅವಳಿಗೆ ಹೆಮ್ಮೆಯಾಗುತ್ತಿತ್ತು, ಆ ಹೆಮ್ಮೆಯನ್ನು ಮುಚ್ಚಿಡುವ ಅಗತ್ಯವೂ ಅವಳಿಗೆ ಕಂಡಿರಲಿಲ್ಲ. ಚಂದ ಮಾಡಿದವಳಿಗೆ ಚಂದ ಮಾಡಿದ್ದೇನೆಂದು ಗೊತ್ತಿರುತ್ತದೆ. ಆದರೆ ಈ ಭಾನುವಾರ ಬೆಳಿಗ್ಗೆ, ಬೈಂದೂರಿನ ಬಸ್ಸಿನ ಕಿಟಕಿ ಪಕ್ಕದಲ್ಲಿ, ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮೇಲೆ ಮಾಡಿ ಕ್ಲಿಪ್ಪು ಹಾಕಿದ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಪೆನ್ಸಿಲುಗಳ ಮೊನೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಇದು ಹೆದರಿಕೆಯಲ್ಲ ಎಂದು ಅವಳು ತನಗೇ ಹೇಳಿಕೊಂಡಳು. ಬರೀ ಹಟ. ಎಲ್ಲರ ಬಾಯಿ ಮುಚ್ಚಿಸುವ ಹಟ. ಇವತ್ತು ವಿಜೇತಾಳನ್ನು ಬರೆಯಬೇಕು, ವಿಜೇತಾ ಕಬಡ್ಡಿ ಆಡುತ್ತಿರುವಾಗಲೇ, ಅವಳ ಮೈ ಓಡುತ್ತಿರುವಾಗಲೇ ಬರೆಯಬೇಕು, ಮತ್ತು ಆ ಚಿತ್ರ ಬದುಕಿರಬೇಕು. ಅಷ್ಟೇ. ಅಷ್ಟನ್ನು ಕಲಿಯುವುದರಲ್ಲಿ ಅವಳ ಒಂದು ಮಳೆಗಾಲವೂ ಅರ್ಧ ಚಳಿಗಾಲವೂ ಕಳೆದಿದ್ದವು.

ತಲ್ಲೂರಿನಲ್ಲಿ ಬಸ್ಸು ನಿಂತಾಗ ಹತ್ತಿದವರು ಉಮಾವತಿ ಶೆಡ್ತಿ, ವಿಜೇತಾಳ ತಾಯಿ. ಗುಲ್ವಾಡಿಯಿಂದ ರಿಕ್ಷಾ ಹಿಡಿದು ಬಂದಿರಬೇಕು. ಇಸ್ತ್ರಿ ಹಾಕಿದ ಹಸಿರು ಸೀರೆ, ಕೈಯಲ್ಲಿ ಮಗಳಿಗೆಂದು ಬುತ್ತಿ ಕಟ್ಟಿದ ಚೀಲ. ಬಸ್ಸಿನಲ್ಲಿ ಖಾಲಿಯಿದ್ದದ್ದು ಕುಸುಮಳ ಪಕ್ಕದ ಸೀಟು ಒಂದೇ. ಉಮಾವತಿಯ ಕಣ್ಣು ಆ ಸೀಟಿನ ಮೇಲೆ ಬಿತ್ತು, ಅಲ್ಲಿಂದ ಕುಸುಮಳ ಮುಖಕ್ಕೆ ಏರಿತು, ಅಲ್ಲಿಂದ ಹಲಗೆಗೆ ಇಳಿಯಿತು. ಆಮೇಲೆ ಅವರು ಸರಳನ್ನು ಹಿಡಿದು ನಿಂತೇಬಿಟ್ಟರು. ಕಂಡಕ್ಟರ್ "ಅಲ್ಲಿ ಜಾಗ ಇತ್ತಲ್ಲ, ಕೂಕಣಿ ಅಕ್ಕ" ಎಂದರೂ ಕೇಳಿಸದವರಂತೆ ಕಿಟಕಿಯಾಚೆ ನೋಡಿದರು. ಅರುವತ್ತರ ಹತ್ತಿರದ ಹೆಂಗಸು, ಗದ್ದೆ ಕೆಲಸದಲ್ಲಿ ಸೊಂಟ ಹಿಡಿದದ್ದು ನಿಂತ ಬಗೆಯಲ್ಲೇ ಕಾಣುತ್ತಿತ್ತು, ಆದರೂ ಕೂರಲಿಲ್ಲ. ಕುಸುಮ ಮುಖ ತಿರುಗಿಸಲಿಲ್ಲ. ನೋಡುತ್ತಲೇ ಇದ್ದಳು, ಸರಳಿಗೆ ಜೋತ ಆ ತೋಳನ್ನು, ಬಸ್ಸು ವಾಲಿದಂತೆ ಒಂದು ಹಿಮ್ಮಡಿಯಿಂದ ಇನ್ನೊಂದಕ್ಕೆ ಜಾರುವ ಮೈಭಾರವನ್ನು. ಅವಮಾನದ ನಡುವೆಯೂ ಕಣ್ಣು ತನ್ನ ಕೆಲಸ ಬಿಡಲಿಲ್ಲವಲ್ಲ ಎಂದು ಅವಳಿಗೆ ಸ್ವಲ್ಪ ನಗುವೂ ಬಂತು. ಮಳೆಗಾಲಕ್ಕೆ ಮೊದಲು ಒಂದು ದಿನ ಬ್ರಹ್ಮಾವರದ ಸಭಾಭವನದಲ್ಲಿ ಇದೇ ಹೆಂಗಸು ಮೊದಲ ಸಾಲಿನಲ್ಲಿ ಕೂತಿದ್ದರು, ಇದೇ ಹಸಿರು ಸೀರೆ ಇರಬಹುದು, ಮಗಳಿಗೆ ಸನ್ಮಾನವೆಂದು ಜಡೆಗೆ ಅಬ್ಬಲಿಗೆ ಹೂ ಮುಡಿದು. ಹುಡುಗಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿದ್ದಳು; ಶಾಲು, ಹಣ್ಣುಬುಟ್ಟಿಯ ಜೊತೆ ಅವಳದೇ ಒಂದು ಪೆನ್ಸಿಲ್ ಚಿತ್ರ ಕೊಡುವುದೆಂದು ಯುವಕ ಸಂಘದವರು ಕುಸುಮಳಿಗೆ ಹೇಳಿದ್ದರು. ಕುಸುಮ ಮನಸ್ಸಿಟ್ಟೇ ಬರೆದಿದ್ದಳು. ಕೂದಲಿನ ಒಂದೊಂದು ಎಳೆ, ಕಣ್ಣೊಳಗಿನ ಬೆಳಕಿನ ಚುಕ್ಕಿ, ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಯೋಗೀಶ ಕೈಗೆ ಸಿಕ್ಕ ಕಪ್ಪು ಬೀಡಿಂಗ್ ಪಟ್ಟಿಯನ್ನೇ ಕತ್ತರಿಸಿ ಫ್ರೇಮು ಮಾಡಿದ್ದ. ಸಂಘದ ಹುಡುಗರು ವೇದಿಕೆಯಲ್ಲಿ ಬೇರೆ ಜಾಗವಿಲ್ಲವೆಂದು ಅದನ್ನೊಂದು ಕುರ್ಚಿಯ ಮೇಲೆ, ಉದ್ಘಾಟನೆಯ ದೀಪದ ಪಕ್ಕದಲ್ಲೇ ಇಟ್ಟಿದ್ದರು.

ಮುಖ್ಯ ಅತಿಥಿಗಳು ಬಂದದ್ದು ತಡವಾಗಿ. ಊರಿನ ಹಿರಿಯರು, ಯಾವ ಕರೆಯನ್ನೂ ತಪ್ಪಿಸದ ಮನುಷ್ಯ. ಆ ಮಧ್ಯಾಹ್ನ ಬೇರೊಂದು ಸಾವಿನ ಮನೆಯ ಬೊಜ್ಜದ ಊಟ ಮುಗಿಸಿ ನೇರ ಸಭೆಗೆ ಬಂದಿದ್ದರು. ವೇದಿಕೆ ಹತ್ತಿದವರ ಎದುರಿಗೆ ಕುರ್ಚಿಯ ಮೇಲೊಂದು ಕಪ್ಪು ಚೌಕಟ್ಟಿನ ಮುಖ, ಪಕ್ಕದಲ್ಲಿ ಉರಿಯುವ ದೀಪ, ಕೆಳಗೆ ತಟ್ಟೆಯಲ್ಲಿ ಬಿಡಿಹೂ. ಅವರಾದರೂ ಏನು ಮಾಡಿಯಾರು? ಚಪ್ಪಲಿ ಬದಿಗೆ ಬಿಟ್ಟು, ಒಂದು ಹಿಡಿ ಹೂ ತೆಗೆದು ಚಿತ್ರದ ಬುಡಕ್ಕೆ ಹಾಕಿ, ಕಣ್ಣು ಮುಚ್ಚಿ ಕೈಮುಗಿದರು. ಹಿರಿಯರು ಮಾಡಿದ ಮೇಲೆ ಕೇಳಬೇಕೆ, ಹಿಂದೆ ಬಂದ ಇಬ್ಬರೂ ಹಾಗೇ ಮಾಡಿದರು. ಚಿತ್ರದೊಳಗಿದ್ದವಳು ಅಲ್ಲೇ ಮಾರು ದೂರದಲ್ಲಿ, ಶಾಲಿಗಾಗಿ ತಲೆ ಬಗ್ಗಿಸಿಕೊಂಡು ನಿಂತಿದ್ದಳು. ಸಭೆ ಒಂದು ಕ್ಷಣ ಉಸಿರು ಕಟ್ಟಿ, ಆಮೇಲೆ ಹೋ ಎಂದು ನಕ್ಕಿತು. ವಿಜೇತಾಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗದೆ ಉಳಿದವರು ಇಬ್ಬರು: ಮೊದಲ ಸಾಲಿನಲ್ಲಿ ಉಮಾವತಿ, ಕೊನೆಯ ಸಾಲಿನಲ್ಲಿ ಕುಸುಮ. ಕೊನೆಯ ಸಾಲಿನಿಂದ ಆ ಚಿತ್ರ ಹೇಗೆ ಕಾಣುತ್ತಿತ್ತೆಂದರೆ, ಕೈಮುಗಿದವರ ತಪ್ಪಿಲ್ಲ, ದೀಪ ಕುರ್ಚಿ ಯಾವುದೂ ಇಲ್ಲದಿದ್ದರೂ ಅದು ಸತ್ತವಳ ಚಿತ್ರವೇ ಆಗಿತ್ತು. ಯೋಗೀಶ ಮನೆಗೆ ಬರುವ ದಾರಿಯುದ್ದಕ್ಕೂ ಕಪ್ಪು ಬೀಡಿಂಗಿನ ತಪ್ಪು ತನ್ನದೆಂದು ಹೇಳುತ್ತಲೇ ಬಂದ, ಬಂಗಾರದ ಬಣ್ಣದ್ದು ಹಾಕಿದ್ದರೆ ಹೀಗಾಗುತ್ತಿರಲಿಲ್ಲ ಎಂದ. ಪಾಪ, ಒಳ್ಳೆಯ ಮನುಷ್ಯ. ತಪ್ಪು ಎಲ್ಲಿತ್ತೆಂದು ಕುಸುಮಳಿಗೆ ಗೊತ್ತಿತ್ತು. ಚಿತ್ರಕ್ಕೆಂದು ಹುಡುಗಿ ತಾನಾಗಿ ಅಂಗಡಿಗೆ ಬಂದಿದ್ದಳು, ಅಭ್ಯಾಸ ಮುಗಿಸಿ, ಬೆವರು ಒರೆಸಿಕೊಳ್ಳುತ್ತ, ಮೆಟ್ಟಿಲ ಮೇಲೆ ಕುಣಿಯುತ್ತಲೇ ನಿಂತು, "ಕುಸುಮಕ್ಕ, ಕೂಕಂತೆ ನಾನು, ಕಂಡ್ಕಂಡೇ ಬರಿನಿ" ಎಂದಿದ್ದಳು. "ಕೂಕಂಬುದ್ ಬೇಡ, ಒಂದ್ ಫೋಟೊ ಕಳ್ಸ್, ಸಾಕ್" ಎಂದು ಕುಸುಮ ತಲೆಯೆತ್ತದೆ ಹೇಳಿದ್ದಳು. ಎದುರಿಗೆ ಉಸಿರಾಡುತ್ತಿದ್ದವಳನ್ನು ಕಳಿಸಿ, ಪಾಸ್‌ಪೋರ್ಟ್ ಅಳತೆಯ ಫೋಟೊಕ್ಕೆ ಚೌಕ ಎಳೆದವಳು ಅವಳೇ. ಆ ನಾಚಿಕೆ ಹೋಗಿರಲಿಲ್ಲ, ಹೋಗಬೇಕೆಂದೂ ಅವಳು ಬಯಸಿರಲಿಲ್ಲ.

ಆಮೇಲಿನ ವಾರವೇ ವಿಜೇತಾಳ ಮಂಡಿ ತಿರುಚಿತು. ಅಭ್ಯಾಸದಲ್ಲಿ ಯಾರೋ ಕಾಲು ಹಿಡಿದರು, ಒಳಗೆ ನರ ಹರಿಯಿತು, ಆಸ್ಪತ್ರೆ, ಆಪರೇಷನ್, ಊರುಗೋಲು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವಷ್ಟು ತಾಳ್ಮೆ ಯಾರಿಗಿದೆ? ಬದುಕಿದ್ದವರಿಗೆ ಹೂ ಹಾಕಿಸಿದ ಕೈ ಅದು ಎಂದರು. ಅವಳ ಪೆನ್ಸಿಲಿಗೆ ಸತ್ತವರ ರುಚಿ ಹತ್ತಿದೆ ಎಂದರು. ಒಬ್ಬಾಕೆಯಂತೂ ಫ್ರೇಮಿಗೆಂದು ತಂದ ಮೊಮ್ಮಗುವಿನ ಫೋಟೊವನ್ನು ಕುಸುಮ ಕೈಯಲ್ಲಿ ಹಿಡಿಯುವ ಮೊದಲೇ ಎಳೆದುಕೊಂಡು, "ನೀನ್ ಮುಟ್ಟುದ್ ಬೇಡ ಹೆಣೆ, ಯೋಗೀಶನೇ ಕಾಣ್ಲಿ" ಎಂದುಬಿಟ್ಟಳು. ಉಮಾವತಿ ಶೆಡ್ತಿಯೋ, ಆ ಚಿತ್ರವನ್ನು ಒಂದು ಹಳೆಯ ಲುಂಗಿಯಲ್ಲಿ ಸುತ್ತಿ ಅಂಗಡಿಯ ಜಗಲಿಯಲ್ಲಿಟ್ಟು, ಒಳಗೆ ಬಾರದೆ ಹೋಗಿಬಿಟ್ಟರು. ಬೈದಿದ್ದರೆ ಕುಸುಮ ತಿರುಗಿ ಬೈಯುತ್ತಿದ್ದಳು, ಬೈಗುಳದಲ್ಲಿ ಅವಳೇನೂ ಹಿಂದೆ ಬಿದ್ದವಳಲ್ಲ. ಜಗಲಿಯಲ್ಲಿ ಇಟ್ಟುಹೋದದ್ದಕ್ಕೆ ಏನು ಉತ್ತರ ಕೊಡುವುದು? ಅವತ್ತೇ ಅವಳು ನಿರ್ಧರಿಸಿದ್ದು.

ನಿರ್ಧರಿಸುವುದು ಸುಲಭ, ಬರೆಯುವುದು ಅಲ್ಲ. ಮೊದಲು ಮೊಬೈಲಿನಲ್ಲಿ ಕಬಡ್ಡಿಯ ವಿಡಿಯೊ ಹಾಕಿ, ನಿಲ್ಲಿಸಿ, ನಿಂತ ಚಿತ್ರಕ್ಕೆ ಚೌಕ ಎಳೆದಳು. ಹಾರುತ್ತಿದ್ದವ ಹಾರುತ್ತಿದ್ದಲ್ಲೇ ಹೆಪ್ಪುಗಟ್ಟಿದ. ನೆಲವೂ ಇಲ್ಲದೆ ಆಕಾಶವೂ ಇಲ್ಲದೆ ಯಾರೋ ಮೊಳೆಗೆ ತೂಗುಹಾಕಿದಂತೆ ಕಂಡ. ಕುಂದಾಪುರದ ಮೈದಾನಕ್ಕೆ ಬೆಳಿಗ್ಗೆ ಹೋಗಿ ಬೇಲಿಯ ಪಕ್ಕ ಕೂತಳು. ಅಲ್ಲಿ ಹುಡುಗರು ಓಡುತ್ತಿದ್ದರು, ಜಿಗಿಯುತ್ತಿದ್ದರು, ಇವಳು ಒಬ್ಬನ ಕಣ್ಣು ಹುಡುಕುವುದರೊಳಗೆ ಅವನು ಮೈದಾನದ ಆಚೆ ಕೊನೆಯಲ್ಲಿ ಇರುತ್ತಿದ್ದ. ಒಂದು ತಿಂಗಳು ಕಾಗದದ ಮೇಲೆ ಬರೀ ಕಣ್ಣುಗಳು ಬಿದ್ದವು, ಮೈಯಿಲ್ಲದ ಕಣ್ಣುಗಳು, ಅವಳನ್ನೇ ದುರುಗುಟ್ಟಿ ನೋಡುವ ಕಣ್ಣುಗಳು. ಆಮೇಲೊಂದು ದಿನ ಸಿಟ್ಟಿನಿಂದ ಕಣ್ಣನ್ನೇ ಬಿಟ್ಟಳು. ಮೊದಲು ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಗೆರೆ ಎಳೆದಳು, ಬಿಲ್ಲಿನ ಹಾಗೆ ಬಗ್ಗಿದ ಒಂದು ಗೆರೆ, ಆಮೇಲೆ ಸೊಂಟ ಯಾವ ಕಡೆಗೆ ವಾಲಿದೆ, ಭುಜ ಯಾವ ಕಡೆಗೆ, ಮೈಯ ಭಾರ ಯಾವ ಪಾದದ ಮೇಲೆ. ಗೆರೆ ಮುಗಿಯುವುದರೊಳಗೆ ಆಟಗಾರ ಹೊರಟುಹೋಗಿದ್ದರೂ ಅವನ ಭಾರ ಮಾತ್ರ ಕಾಗದದಲ್ಲಿ ಉಳಿದಿತ್ತು. ಕುಸುಮ ಆ ಹಾಳೆಗೆ ತಾರೀಖು ಹಾಕಿದಳು. ಅವತ್ತು ಮನೆಗೆ ಬಂದು, ಸಾರಿಗೆ ತೆಂಗಿನಕಾಯಿ ಕಡೆಯುವುದನ್ನು ಅರ್ಧಕ್ಕೆ ಬಿಟ್ಟು, ನೈಟಿಯನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿ, ಅಡುಗೆಮನೆಯ ನಡುವೆ ರೈಡಿಗೆ ಹೊರಟವಳ ಹಾಗೆ ಒಂದು ಕಾಲು ಮುಂದೆ, ಕೈ ಚಾಚಿ, ಬಗ್ಗಿ ನಿಂತಳು. ಬಿದ್ದರೆ ಎಲ್ಲಿಂದ ಬೀಳುತ್ತೇನೆ, ಎದ್ದರೆ ಎಲ್ಲಿಂದ ಏಳುತ್ತೇನೆ ಎಂದು ಮೈಯೊಳಗೇ ಹುಡುಕುತ್ತಿದ್ದಳು. ಊಟಕ್ಕೆ ಬಂದ ಯೋಗೀಶ ಬಾಗಿಲಲ್ಲೇ ನಿಂತ. "ಎಂತ ಮಾರಾಯ್ತಿ, ಸೊಂಟ ಹಿಡೀತಾ?" ಎಂದ. "ಸುಮ್ನಿರಿ, ನನ್ನ್ ಹಿಡೀರಿ ಕಾಂಬ" ಎಂದಳು. ಅವನು ಹಿಡಿಯಲು ಬಂದ, ಅವಳು ತಪ್ಪಿಸಿಕೊಂಡಳು, ಉಪ್ಪಿನಕಾಯಿಯ ಭರಣಿ ಒಂದು ಒಡೆಯಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅಡುಗೆಮನೆಯಲ್ಲಿ ಅಷ್ಟು ನಕ್ಕಿದ್ದು ಇಬ್ಬರಿಗೂ ನೆನಪಿರಲಿಲ್ಲ. ಮೈದಾನದ ಹುಡುಗರೂ ಕ್ರಮೇಣ ಬೇಲಿಯ ಹತ್ತಿರ ಬಂದು ಹಾಳೆಗಳನ್ನು ಇಣುಕಿ, ಇದು ನಾನು, ಇದು ನೀನು ಎಂದು ಬೆನ್ನು ನೋಡಿಯೇ ಗುರುತಿಸತೊಡಗಿದರು. ಆದರೆ ಅವರು ಯಾರೋ ಹುಡುಗರು. ವಿಜೇತಾಳನ್ನು ಬರೆಯದೆ ಇದಕ್ಕೆಲ್ಲ ಅರ್ಥವಿರಲಿಲ್ಲ. ಅವಳ ಕಾಲು ವಾಸಿಯಾಗಿ, ಬೈಂದೂರಿನ ಪಂದ್ಯದಲ್ಲಿ ಮತ್ತೆ ಆಡುತ್ತಾಳೆಂದು ಗೊತ್ತಾದ ದಿನವೇ ಕುಸುಮ ಪೆನ್ಸಿಲುಗಳನ್ನು ಕೆತ್ತಿಟ್ಟಿದ್ದಳು.

ಮರವಂತೆಯಲ್ಲಿ ಎದುರಿಗೆ ದನ ಬಂತೆಂದು ಡ್ರೈವರ್ ಬ್ರೇಕು ಒತ್ತಿದ ರಭಸಕ್ಕೆ ಉಮಾವತಿ ಶೆಡ್ತಿ ಸೀದಾ ಖಾಲಿ ಸೀಟಿನ ಮೇಲೆ ಬಂದು ಕೂತರು. ಕೂತ ಮೇಲೆ ಏಳುವುದು ತಾವೇ ಸೋತಂತೆ ಕಾಣುತ್ತದೆ. ಹಾಗಾಗಿ ಕೂತೇ ಇದ್ದರು. ಬುತ್ತಿಯ ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಓಡುತ್ತಿದ್ದರೂ ಅವರ ದೃಷ್ಟಿ ಎದುರಿನ ಸೀಟಿನ ಬೆನ್ನಿನಿಂದ ಕದಲಲಿಲ್ಲ.

"ಎಲ್ಲಿಗ್ ಹೋಪ್ದ್?" ಎಂದು ಕೊನೆಗೆ ಕೇಳಿದರು.

"ಬೈಂದೂರಿಗೆ, ಉಮಾವತಕ್ಕ. ಆಟ ಕಾಂಬುಕೆ."

"ಕಾಂಬುಕ್ ಮಾತ್ರವಾ?"

ಸುಳ್ಳು ಹೇಳುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಕುಸುಮ ಹೇಳಲಿಲ್ಲ. "ಬರೂಕೂ. ನಿಮ್ಮ್ ಮಗಳನ್ನ."

ಉಮಾವತಿ ಬುತ್ತಿಯ ಚೀಲದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಬಸ್ಸು ನಾವುಂದ ದಾಟಿತು, ಕಿರಿಮಂಜೇಶ್ವರದಲ್ಲಿ ಯಾರೋ ಇಳಿದು ಯಾರೋ ಹತ್ತಿದರು. "ಕಾಣ್ ಕುಸ್ಮಾ," ಎಂದರು ಆಮೇಲೆ, ದನಿ ಏರಿಸದೆ, "ನಿನ್ನ್ ಮೇಲೆ ನಂಗ್ ಸಿಟ್ಟಿಲ್ಲೆ. ಆರೆ ಅವ್ಳನ್ನ ಬರೂದ್ ಬೇಡ. ಇವತ್ತಂತೂ ಬೇಡ."

"ಚಿತ್ರ ಬರ್ದ್ ಕಾಲ್ ಮುರುತ್ ಅಂದ್ರೆ ಡಾಕ್ಟ್ರ್ ನಗಾಡ್ತ್ರ್ ಅಕ್ಕ."

"ನಗಾಡ್ಲಿ. ಡಾಕ್ಟ್ರ್ ಹೆತ್ತದ್ದಲ್ಲ, ಹೆತ್ತದ್ ನಾನು."

ಕುಸುಮ ಹಲಗೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಹೆತ್ತದ್ದು ನಾನು ಎಂದರು. ತಾನೋ ಹೆರಲಿಲ್ಲ. ಊರಿನ ಎಷ್ಟೋ ಅಜ್ಜಂದಿರನ್ನು ಹಾಳೆಯ ಮೇಲೆ ಮತ್ತೆ ಹುಟ್ಟಿಸಿದ್ದೇನೆ ಎಂದು ಒಂದು ಕಾಲದಲ್ಲಿ ಹೆಮ್ಮೆಪಟ್ಟದ್ದಿತ್ತು. ಈಗ ಅದನ್ನು ಈ ಹೆಂಗಸಿನ ಎದುರು ಬಾಯಿಬಿಟ್ಟು ಹೇಳಿದರೆ ನಗೆಪಾಟಲು. ಆದರೂ ತನ್ನ ಕೈಯಲ್ಲಿ ಕೇಡಿಲ್ಲವೆಂದು ಅವಳಿಗೆ ಖಾತ್ರಿಯಿತ್ತು, ಬೆಳಗಾದರೆ ಸೂರ್ಯ ಮೂಡುತ್ತಾನೆ ಎನ್ನುವಷ್ಟು ಖಾತ್ರಿ. ಜನರದು ಮೂಢನಂಬಿಕೆ, ತನಗೆ ಅದಿಲ್ಲ. ಬಸ್ಸು ಇಳಿಯುವಾಗಲೂ ಹಾಗೇ ಅಂದುಕೊಂಡಳು.

ಕಾಲೇಜಿನ ಮೈದಾನದಲ್ಲಿ ಶಾಮಿಯಾನದ ಕೆಳಗೆ ಮ್ಯಾಟು ಹಾಸಿದ್ದರು. ಒಂದು ಬದಿ ವಿಜೇತಾಳಿದ್ದ ಕುಂದಾಪುರದ ಹುಡುಗಿಯರು, ಇನ್ನೊಂದು ಬದಿ ಬ್ರಹ್ಮಾವರದವರು. ಮೈಕಿನವನಿಗೆ ಗಂಟಲೇ ಆಸ್ತಿ. ಕುಸುಮ ಮ್ಯಾಟಿಗೆ ಹತ್ತಿರದ ಬೆಂಚು ಹಿಡಿದಳು. ಕಣ್ಣು ಮಿಟುಕಿಸುವುದರೊಳಗೆ ಉಮಾವತಿ ಶೆಡ್ತಿ ಬಂದು ಅವಳ ಬಲಗೈ ಪಕ್ಕದಲ್ಲೇ ಕೂತರು. ಅಷ್ಟು ದೊಡ್ಡ ಶಾಮಿಯಾನದಲ್ಲಿ ಅವರಿಗೆ ಬೇರೆ ಜಾಗ ಬೇಕಿರಲಿಲ್ಲ. ಕಾವಲು ಕೂತದ್ದೆಂದು ಹೇಳಬೇಕಾಗಿಯೂ ಇರಲಿಲ್ಲ. ಆಟ ಶುರುವಾಗಿ ವಿಜೇತಾ ಮಧ್ಯರೇಖೆ ದಾಟಿ ಮೊದಲ ರೈಡಿಗೆ ಹೋದ ಕೂಡಲೇ, ಗದ್ದೆ ನೆಟ್ಟು ಒರಟಾದ ಒಂದು ಅಂಗೈ ಬಂದು ಕುಸುಮಳ ಹಾಳೆಯ ಮೇಲೆ ಕೂತಿತು. ವಿಜೇತಾ ಹಿಂದಿರುಗಿದ ಮೇಲೆ ಕೈ ಎದ್ದಿತು. ಕುಸುಮಳಿಗೆ ಸಿಟ್ಟು ಬಂದು, ಸಿಟ್ಟಿನ ಹಿಂದೆಯೇ ನಗು ಬಂತು. ಸರಿ, ಮಗಳನ್ನು ಬೇಡವಾದರೆ ಬೇರೆಯವರಿದ್ದಾರೆ. ಬ್ರಹ್ಮಾವರದ ಉದ್ದ ಜಡೆಯವಳನ್ನು ಹಿಡಿದಳು, ಅವಳು ಒಳನುಗ್ಗುವಾಗ ಬಗ್ಗಿದ ಬೆನ್ನು, ಜಡೆ ಹಿಂದೆ ಉಳಿದು ಮೈ ಮುಂದೆ ಹೋದದ್ದು, ಮೂರು ಗೆರೆ, ಮುಗಿಯಿತು, ಮುಂದಿನ ಹಾಳೆ. ಕುಂದಾಪುರದ ದಪ್ಪ ಹುಡುಗಿ ಕಾಲಿಗೆ ಹಾರಿದ್ದು, ಹಾರುವ ಮೊದಲು ಅವಳ ಸೊಂಟ ನೆಲಕ್ಕೆ ಕುಸಿದದ್ದು. ಹಾರಿದ್ದನ್ನಲ್ಲ, ಹಾರಲಿದ್ದಾಳೆ ಎನ್ನುವುದನ್ನು ಬರೆಯಬೇಕು, ಅದನ್ನು ಕಲಿಯುವುದಕ್ಕೇ ಒಂದು ಮಳೆಗಾಲ ಹಿಡಿದದ್ದು. ಕೈ ಬಿಸಿಯಾಗಿತ್ತು. ಪೆನ್ಸಿಲು ತಾನಾಗಿ ಓಡುತ್ತಿತ್ತು. ತಾನು ಇಷ್ಟು ಚೆನ್ನಾಗಿ ಯಾವತ್ತೂ ಬರೆದಿಲ್ಲವೆಂದು ಅವಳಿಗೆ ಗೊತ್ತಿತ್ತು, ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

"ಇದ್ ಆ ಉದ್ದ ಜಡಿ ಹೆಣ್ಣ್ ಅಲ್ದಾ?" ಎಂದಿತು ಪಕ್ಕದ ದನಿ.

"ಹೌದ್."

"ಮೋರೆಯೇ ಇಲ್ಯಲೆ?"

"ಇಲ್ಲೆ."

"ಮೋರೆ ಇಲ್ದೆ ನಂಗ್ ಹ್ಯಾಂಗ್ ಗೊತ್ತಾಯ್ತ್?" ಉಮಾವತಿ ಅದನ್ನು ಕುಸುಮಳನ್ನು ಕೇಳಿದಂತಿರಲಿಲ್ಲ, ತಮ್ಮನ್ನೇ ಕೇಳಿಕೊಂಡಂತಿತ್ತು. ಮುಂದಿನ ಹಾಳೆ ತಿರುಗಿದಾಗ ಬಗ್ಗಿ ನೋಡಿದರು. "ಆ ದಪ್ಪದ್ ಹೀಂಗೇ ಕೂಕಂತ್, ನಮ್ಮನಿಗ್ ಬಂದ್ರೂ ಹೀಂಗೇ" ಎಂದರು. ವಿಜೇತಾಳ ಎರಡನೆಯ ರೈಡಿಗೆ ಅಂಗೈ ಬಂತು, ಆದರೆ ಸ್ವಲ್ಪ ತಡವಾಗಿ. ಅಷ್ಟರಲ್ಲಿ ಕುಸುಮ ಒಂದು ಬೆನ್ನಿನ ಗೆರೆಯನ್ನು ಎಳೆದುಬಿಟ್ಟಿದ್ದಳು. ಉಮಾವತಿ ಆ ಗೆರೆಯನ್ನು ಬೆರಳ ಸಂದಿಯಿಂದ ನೋಡಿದರು. ಅರ್ಧ ಆಟ ಮುಗಿದು ಹುಡುಗಿಯರು ನೀರು ಕುಡಿಯುವಾಗ ಬುತ್ತಿಯ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕುಸುಮಳ ಮುಂದೆ ಹಿಡಿದರು. ಕುಸುಮ ಎಡಗೈಯಲ್ಲೇ ತೆಗೆದುಕೊಂಡಳು, ಬಲಗೈ ಬಿಡುವಿರಲಿಲ್ಲ.

ಎರಡನೆಯ ಅರ್ಧದಲ್ಲಿ ಕುಂದಾಪುರ ಹಿಂದೆ ಬಿತ್ತು. ವಿಜೇತಾ ಮುಂದೆ ಬಂದಳು, ಬಗ್ಗಿ ಅಂಗೈಗಳನ್ನು ಮ್ಯಾಟಿಗೆ ಉಜ್ಜಿದಳು, ಮಂಡಿಗೆ ಕಟ್ಟಿದ ಪಟ್ಟಿಯನ್ನು ಒಮ್ಮೆ ಎಳೆದುಕೊಂಡು ಗೆರೆ ದಾಟಿದಳು. ಕುಸುಮ ಕಾದಳು. ಅಂಗೈ ಬರಲಿಲ್ಲ. ಪಕ್ಕದಲ್ಲಿ ಉಮಾವತಿ ಎರಡೂ ಕೈಗಳಿಂದ ಚೀಲ ಹಿಡಿದು ಮುಂದಕ್ಕೆ ಬಾಗಿದ್ದರು, ಹಾಳೆಯ ನೆನಪೇ ಅವರಿಗೆ ಹೋಗಿತ್ತೋ, ಇದ್ದೂ ಬಿಟ್ಟಿದ್ದರೋ. ಕುಸುಮ ಬರೆಯತೊಡಗಿದಳು. ತಲೆಯಿಂದ ಹಿಮ್ಮಡಿಗೆ ಬಿಲ್ಲು, ಸೊಂಟ ಈ ಕಡೆ, ಭುಜ ಆ ಕಡೆ. ಈ ಹುಡುಗಿ ಬೇರೆಯವರ ಹಾಗಲ್ಲ, ಮುನ್ನುಗ್ಗುವ ಮೊದಲು ಒಂದು ಎಳೆಯಷ್ಟು ಹಿಂದೆ ಸರಿಯುತ್ತಾಳೆ, ಬಾವಿಗೆ ಕೊಡ ಬಿಡುವವರು ಹಗ್ಗ ಸಡಿಲಿಸುವ ಹಾಗೆ. ಮೆಟ್ಟಿಲ ಮೇಲೆ ಕುಣಿಯುತ್ತ ನಿಂತಾಗಲೂ ಹೀಗೇ ಇದ್ದಿರಬೇಕು, ಆಗ ತಲೆಯೆತ್ತಿ ನೋಡಿದ್ದರೆ ಕಾಣುತ್ತಿತ್ತು. ಈಗ ಕಂಡಿತು. ಹಾಳೆಯ ಮೇಲೆ ವಿಜೇತಾ ಇದ್ದಳು, ಕಣ್ಣು ಮೂಗು ಏನೂ ಇಲ್ಲದೆ ಇದ್ದಳು. ಅಷ್ಟರಲ್ಲಿ ಮೂಲೆಯ ಹುಡುಗಿ ಅವಳ ಕಾಲಿಗೆ ಹಾರಿದಳು. ಪಟ್ಟಿ ಕಟ್ಟಿದ ಕಾಲಿಗೇ. ಉದ್ದ ಜಡೆಯವಳು ಸೊಂಟಕ್ಕೆ ಬಿದ್ದಳು, ಮತ್ತಿಬ್ಬರು ಮೇಲೆ, ಮ್ಯಾಟು ದಢಾರೆಂದಿತು, ಆ ರಾಶಿಯ ಕೆಳಗಿನಿಂದ ಒಂದು ಕೈ ಮಾತ್ರ ಮಧ್ಯರೇಖೆಯ ಕಡೆಗೆ ಚಾಚಿ ಉಳಿಯಿತು. ಮೈಕಿನವನೂ ಸುಮ್ಮನಾದ.

ಕುಸುಮಳ ಪೆನ್ಸಿಲು ನಿಂತಿತ್ತು. ಅವಳು ನಿಲ್ಲಿಸಿರಲಿಲ್ಲ, ಅದೇ ನಿಂತಿತ್ತು, ಹಾಳೆಯಿಂದ ಒಂದು ಬೆರಳು ಮೇಲೆ, ಮತ್ತು ಅವಳ ಮುಂಗೈ ಮರಗಟ್ಟಿತ್ತು. ಇನ್ನೊಂದು ಗೆರೆ ಎಳೆದರೆ ಆ ಕಾಲು ಮತ್ತೆ ಹೋದೀತು. ಇನ್ನೊಂದು ಗೆರೆ ಎಳೆದರೆ. ಹಾಗಾದರೆ ನಾನೂ ನಂಬಿದ್ದೆ, ಎಂದು ಅವಳಿಗೆ ಅನ್ನಿಸಿತು. ಜನ ಆಡಿಕೊಂಡದ್ದನ್ನೆಲ್ಲ ಉಗಿದು ಓಡಾಡಿದವಳು, ಡಾಕ್ಟ್ರು ನಗಾಡುತ್ತಾರೆ ಎಂದವಳು, ಒಳಗಿನ ಒಳಗೆ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದಳು. ಪೆನ್ಸಿಲನ್ನು ಚೀಲಕ್ಕೆ ಹಾಕಿ ಎದ್ದುಹೋಗಬೇಕು, ಮತ್ತೆಂದೂ ಬದುಕಿದ್ದವರ ತಂಟೆಗೆ ಬರಬಾರದು, ಅಜ್ಜಂದಿರಿದ್ದಾರೆ, ಅವರ ಅಂಗಿಗೆ ಇಸ್ತ್ರಿ ಹಾಕಿಕೊಂಡಿರಬೇಕು.

"ಎಂತಕ್ ನಿಲ್ಸ್‌ದೆ?" ಉಮಾವತಿ ಶೆಡ್ತಿ ಅವಳ ಮೊಣಕೈಯನ್ನು ಹಿಡಿದು ಅಲುಗಿಸಿದರು. ಅವರ ಕಣ್ಣು ಮಗಳ ಕೈಯ ಮೇಲೇ ಇತ್ತು. "ನಿಲ್ಸ್‌ಬೇಡ ಹೆಣೆ! ಬರಿ! ಅವ್ಳ್ ಇನ್ನೂ ಜಗ್ತಾ ಇತ್ತ್ ಕಾಣ್, ನೀ ಎಂತಕ್ ನಿಲ್ಸ್‌ದೆ? ಬರಿ ಅಂದೆ!"

ಕುಸುಮ ಬರೆದಳು. ಮರಗಟ್ಟಿದ ಕೈಯಲ್ಲೇ ಬರೆದಳು, ಚಂದವೋ ಅಲ್ಲವೋ ನೋಡಲಿಲ್ಲ. ರಾಶಿಯ ಕೆಳಗಿನಿಂದ ಚಾಚಿದ ಆ ತೋಳು, ಬೆರಳುಗಳು ಮ್ಯಾಟನ್ನು ಕೆರೆಯುವುದು, ಮೇಲೆ ಬಿದ್ದವರ ಭಾರವನ್ನು ಒಂದು ಭುಜ ಎತ್ತಲು ನೋಡುವುದು. ಸೀಟಿ ಊದಿತು. ಗೆರೆ ಮುಟ್ಟಿರಲಿಲ್ಲ, ಒಂದು ಗೇಣು ಉಳಿದಿತ್ತು, ರೆಫರಿ ಔಟ್ ಎಂದು ಕೈ ಎತ್ತಿದ. ರಾಶಿ ಒಬ್ಬೊಬ್ಬರಾಗಿ ಬಿಚ್ಚಿಕೊಂಡಿತು. ಎಲ್ಲರಿಗಿಂತ ಕೆಳಗಿದ್ದವಳು ಎದ್ದಳು, ಎರಡು ಕಾಲ ಮೇಲೂ ಎದ್ದಳು, ಎದ್ದವಳೇ ನೇರ ರೆಫರಿಯ ಹತ್ತಿರ ಹೋಗಿ, ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದರಲ್ಲಿ ಗೆರೆ ತೋರಿಸಿ ಜಗಳ ಶುರುಮಾಡಿದಳು.

"ಕಾಣ್, ಹ್ಯಾಂಗ್ ಬೈತ್ ಕಾಣ್!" ಉಮಾವತಿ ಬೆಂಚಿಗೆ ಬಡಿದು ನಕ್ಕರು, ನಗುವಾಗ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಅದ್ನೂ ಬರಿ. ಹಠಮಾರಿ ಹೆಣ್ಣ್, ಅದ್ನೂ ಬರಿ ನೀನು."

ಔಟಾದವರ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತ ಮೇಲೆ ವಿಜೇತಾಳಿಗೆ ಎದುರು ಬದಿಯಲ್ಲಿ ತಾಯಿ ಕಂಡರು, ತಾಯಿಯ ಪಕ್ಕದಲ್ಲಿ ಕಂಡವಳನ್ನು ನೋಡಿ ಒಂದು ಕ್ಷಣ ಬಾಯಿ ತೆರೆದಳು. ಆಮೇಲೆ ಎರಡೂ ಕೈಗಳನ್ನು ಬಾಯಿಗೆ ಹಿಡಿದು ಮ್ಯಾಟಿನಾಚೆಯಿಂದ ಕೂಗಿದಳು. "ಹ್ವಾಯ್ ಕುಸುಮಕ್ಕಾ! ಬರೂದಾರೆ ಸಮಾ ಬರಿನಿ! ನಾ ಔಟಲ್ಲ!" ಶಾಮಿಯಾನವೆಲ್ಲ ಇತ್ತ ತಿರುಗಿ ನಕ್ಕಿತು. ಈ ನಗುವಿನಲ್ಲಿ ಕುಸುಮ ತಲೆ ತಗ್ಗಿಸಲಿಲ್ಲ. ಪೆನ್ಸಿಲನ್ನು ಎತ್ತಿ ಹುಡುಗಿಗೆ ತೋರಿಸಿದಳು.

ಉಮಾವತಿ ಶೆಡ್ತಿ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ರಾಶಿಯಿಂದ ಚಾಚಿದ ತೋಳಿನ ಹಾಳೆ ಬಂದಾಗ ಆ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟರು. ಆಮೇಲೆ ಅದನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಸ್ವಲ್ಪ ನಾಚಿಕೊಂಡವರಂತೆ ಹೇಳಿದರು. "ನನ್ನನ್ನೂ ಒಂದ್ ಬರೀತ್ಯಾ? ನಾ ಹೋದ್ ಮೇಲ್ ಹ್ಯಾಂಗೂ ನೀನೇ ಬರೂದಲ್ದಾ. ಈಗ್ಳೇ ಒಂದ್ ಬರಿ. ನಾನೂ ಕಾಣ್ತೆ."

ಕುಸುಮ ಹೊಸ ಹಾಳೆ ತೆಗೆದಳು. ಉಮಾವತಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತ ಕೂತರು, ಸ್ಟುಡಿಯೊದಲ್ಲಿ ಫೋಟೊಕ್ಕೆ ಕೂತ ಹಾಗೆ.

"ಹಾಂಗ್ ಕೂಕಂಬುದ್ ಬೇಡ, ಅಕ್ಕ," ಎಂದಳು ಕುಸುಮ. "ನನ್ನ್ ಕಾಂಬುದೇ ಬೇಡ. ನೀವ್ ಆಟ ಕಾಣಿ."

ಆಗಲೇ ಕುಂದಾಪುರಕ್ಕೆ ಒಂದು ಪಾಯಿಂಟು ಬಂತು, ಸೀಟಿ ಊದಿತು, ಒಂದು ಪಾಯಿಂಟಿಗೆ ಔಟಾದವಳೊಬ್ಬಳು ಒಳಗೆ ಎಂಬ ಲೆಕ್ಕದಲ್ಲಿ ವಿಜೇತಾ ಬೆಂಚಿನಿಂದ ಎದ್ದು ಮತ್ತೆ ಮ್ಯಾಟಿಗೆ ಓಡಿದಳು. ಪಕ್ಕದಲ್ಲಿ ಬುತ್ತಿಯ ಚೀಲ ಕೆಳಗೆ ಬಿತ್ತು. ಉಮಾವತಿ ಶೆಡ್ತಿ ಎದ್ದು ನಿಂತಿದ್ದರು, ಸೆರಗು ಜಾರಿತ್ತು, ಒಂದು ತೋಳು ಗಾಳಿಯಲ್ಲಿತ್ತು, "ಬಿಡ್ಬೇಡ, ಬಿಡ್ಬೇಡ ಮಗಾ!" ಎಂದು ಊರಿಗೆ ಕೇಳುವಂತೆ ಕೂಗುತ್ತಿದ್ದರು. ಕುಸುಮ ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಗೆರೆ ಎಳೆದಳು.